ಒಳಪೆಟ್ಟು, ಹೊರಸುದ್ದಿ

ಜೂನ್ ತಿಂಗಳಲ್ಲಿ ಶ್ರೀನಿವಾಸಪುರದ ಮಾವಿನ ಮಂಡಿಗಳಿಗೆ ಹಗಲು ರಾತ್ರಿ ಎಂಬುದಿಲ್ಲ. ತೋತಾಪುರಿ ಹೇರಿದ ಟೆಂಪೊಗಳು, ಟ್ರ್ಯಾಕ್ಟರುಗಳು, ಅವುಗಳ ಸಂದಿಯಲ್ಲೇ ನುಗ್ಗುವ ಬೈಕುಗಳು. ಅತ್ತ ತೋಪುಗಳಲ್ಲಿ ಕೊಂಬೆಯಿಂದ ಕೊಂಬೆಗೆ ದಾಟುತ್ತ ಕಾಯಿ ಕೀಳುವವರು. ಇಲ್ಲಿ ಯಾರಾದರೂ ಬಿದ್ದರೆ ಸುತ್ತಲಿದ್ದವರು ಎಬ್ಬಿಸಿ ಕೂರಿಸುತ್ತಾರೆ, ಮುಖಕ್ಕೆ ನೀರು ಚಿಮುಕಿಸುತ್ತಾರೆ, ಒಂದು ಸೋಡಾ ಕುಡಿಸುತ್ತಾರೆ. ‘ರಕ್ತ ಬಂದಿಲ್ಲ ಬಿಡಣ್ಣಾ, ಮಾತಾಡ್ತಾ ಇದಾನಲ್ಲ’ ಎಂದು ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಳ್ಳುತ್ತಾರೆ. ಈ ಧೈರ್ಯ ಎಷ್ಟು ಪೊಳ್ಳು ಎಂಬುದನ್ನು ಜಗತ್ತಿಗೆ ತಿಳಿಸಿದ್ದು ಮಾವಿನ ತೋಪಿಗೂ ನಮ್ಮ ರಸ್ತೆಗಳಿಗೂ ಸಂಬಂಧವೇ ಇಲ್ಲದ ಒಂದು ಸಾವು.

2009ರ ಮಾರ್ಚ್ 16ರಂದು ನಟಿ ನತಾಶಾ ರಿಚರ್ಡ್‌ಸನ್ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಮಾಂಟ್ ಟ್ರೆಂಬ್ಲಾಂಟ್‌ನಲ್ಲಿ ಸ್ಕೀಯಿಂಗ್ ಕಲಿಯುತ್ತಿದ್ದರು. ಅದು ಹೊಸಬರಿಗೆಂದೇ ಇದ್ದ ಇಳಿಜಾರು. ತಲೆಗೆ ಹೆಲ್ಮೆಟ್ ಇರಲಿಲ್ಲ. ಬಿದ್ದರು, ಎದ್ದರು, ನಕ್ಕರು. ಮೈಮೇಲೆ ತರಚಿದ ಗುರುತೂ ಇಲ್ಲ. ಬಂದ ಆಂಬುಲೆನ್ಸನ್ನು ಬೇಡವೆಂದು ಹಿಂದಕ್ಕೆ ಕಳಿಸಿಯಾಯಿತು. ಸುಮಾರು ಒಂದು ಗಂಟೆಯ ಮೇಲೆ ತಲೆನೋವು ಶುರುವಾಯಿತು. ಒಂದು ಆಸ್ಪತ್ರೆಯಿಂದ ಮಾಂಟ್ರಿಯಲ್‌ನ ಇನ್ನೊಂದಕ್ಕೆ, ಅಲ್ಲಿಂದ ನ್ಯೂಯಾರ್ಕಿಗೆ ಸಾಗಿಸಿದರೂ ಮಾರ್ಚ್ 18ರಂದು ತೀರಿಕೊಂಡರು. ವಯಸ್ಸು 45.

ಅವರ ಒಳಪೆಟ್ಟಿಗೆ ವೈದ್ಯರು ಎಪಿಡ್ಯೂರಲ್ ಹೆಮಟೋಮ ಎನ್ನುತ್ತಾರೆ. ಕಿವಿಯ ಮೇಲೆ, ಹಣೆಯ ಪಕ್ಕದಲ್ಲಿ ತಲೆಬುರುಡೆಯ ಮೂಳೆ ಬಹಳ ತೆಳು. ಅದರ ಒಳಮೈಗೆ ಅಂಟಿದಂತೆ ಒಂದು ರಕ್ತನಾಳ ಹಾದುಹೋಗುತ್ತದೆ. ಮೂಳೆ ಬಿರುಕು ಬಿಟ್ಟು ಆ ನಾಳ ಹರಿದರೆ, ಬುರುಡೆಗೂ ಮೆದುಳಿನ ಹೊರಪೊರೆಗೂ ನಡುವೆ ರಕ್ತ ತುಂಬತೊಡಗುತ್ತದೆ. ಮೊದಲಿಗೆ ಮೆದುಳು ತಾಳಿಕೊಳ್ಳುತ್ತದೆ, ಆದ್ದರಿಂದ ಬಿದ್ದವರು ಮಾತಾಡುತ್ತಾರೆ, ನಡೆಯುತ್ತಾರೆ, ಫೋನು ಎತ್ತುತ್ತಾರೆ. ಬುರುಡೆ ಹಿಗ್ಗುವುದಿಲ್ಲ. ಒಳಗಿನ ಜಾಗ ಮುಗಿದ ಮೇಲೆ ಒತ್ತಡ ಸರ್ರನೆ ಏರಿ ಉಸಿರು ನಡೆಸುವ ಮೆದುಳುಕಾಂಡವನ್ನೇ ಅದುಮುತ್ತದೆ. ಚೇತರಿಕೆಯಂತೆ ಕಾಣುವ ನಡುವಿನ ಆ ಅವಧಿ ಕೆಲವೊಮ್ಮೆ ಅರ್ಧ ಗಂಟೆ, ಕೆಲವೊಮ್ಮೆ ಹಲವು ಗಂಟೆ. ಆ ಹೊತ್ತಿನಲ್ಲಿ ಸಿ.ಟಿ. ಸ್ಕ್ಯಾನ್ ಆಗಿ, ಬುರುಡೆ ತೆರೆದು ರಕ್ತದ ಗಡ್ಡೆ ತೆಗೆದರೆ ಹೆಚ್ಚಿನವರು ಬದುಕುತ್ತಾರೆ. ಭಾರತದ ಕ್ರಿಕೆಟಿಗ ರಮಣ್ ಲಾಂಬಾ ಅವರಿಗೂ ಹೀಗೇ ಆಗಿತ್ತು. 1998ರ ಫೆಬ್ರುವರಿಯಲ್ಲಿ ಢಾಕಾದಲ್ಲಿ ಹೆಲ್ಮೆಟ್ ಇಲ್ಲದೆ ಬ್ಯಾಟರ್ ಹತ್ತಿರ ಫೀಲ್ಡಿಂಗ್ ಮಾಡುತ್ತಿದ್ದಾಗ ಚೆಂಡು ತಲೆಗೆ ಬಡಿಯಿತು. ತಾವೇ ನಡೆದು ಮೈದಾನದಿಂದ ಹೊರಬಂದರು, ಆಮೇಲೆ ಪ್ರಜ್ಞೆ ತಪ್ಪಿತು, ಮತ್ತೆ ಕಣ್ಣು ತೆರೆಯಲಿಲ್ಲ.

ರಿಚರ್ಡ್‌ಸನ್ ಸಾವಿನ ಸುದ್ದಿ ಹರಡಿದ ರೀತಿಯಲ್ಲಿ ಅಸಹ್ಯಕ್ಕೇನೂ ಕೊರತೆ ಇರಲಿಲ್ಲ. ಮನೆಯವರು ಬಾಯಿ ಬಿಡುವ ಮೊದಲೇ ಮೆದುಳು ಸತ್ತಿದೆ ಎಂದು ಪತ್ರಿಕೆಗಳವರು ಬರೆದರು, ಆಸ್ಪತ್ರೆಯ ಬಾಗಿಲಲ್ಲಿ ಕ್ಯಾಮೆರಾ ಹಿಡಿದು ಕಾದರು. ಆದರೆ ಅದೇ ಸುದ್ದಿಯೊಳಗೆ ಕೆಲಸಕ್ಕೆ ಬರುವ ಒಂದು ವಿಷಯವೂ ಇತ್ತು. ಬಿದ್ದ ಹೊತ್ತು, ಆಂಬುಲೆನ್ಸ್ ಹಿಂದಿರುಗಿದ ಹೊತ್ತು, ತಲೆನೋವು ಬಂದ ಹೊತ್ತು ಎಲ್ಲವನ್ನೂ ಪತ್ರಿಕೆಗಳು ಗಂಟೆಗಂಟೆಯಾಗಿ ಅಚ್ಚು ಹಾಕಿದವು, ವೈದ್ಯರನ್ನು ಕೂರಿಸಿ ಅದರ ಅರ್ಥ ಹೇಳಿಸಿದವು. ಅದೇ ದಿನಗಳಲ್ಲಿ ಅಮೆರಿಕದಲ್ಲಿ ಒಬ್ಬ ಪುಟ್ಟ ಹುಡುಗಿಯ ತಲೆಗೆ ಬೇಸ್‌ಬಾಲ್ ಚೆಂಡು ತಗುಲಿತು. ಆಡಿಕೊಂಡೇ ಇದ್ದವಳಿಗೆ ಎರಡು ದಿನ ಬಿಟ್ಟು ಜೋರು ತಲೆನೋವು. ಟಿ.ವಿ.ಯಲ್ಲಿ ನಟಿಯ ಸುದ್ದಿ ನೋಡಿದ್ದ ತಂದೆ ತಾಯಿ ತಡಮಾಡದೆ ಆಸ್ಪತ್ರೆಗೆ ಒಯ್ದರು. ಅವಳಿಗೂ ಅದೇ ಒಳಪೆಟ್ಟು. ಶಸ್ತ್ರಚಿಕಿತ್ಸೆ ಆಯಿತು, ಹುಡುಗಿ ಉಳಿದಳು. ಅಷ್ಟೊಂದು ಸದ್ದುಗದ್ದಲದ ನಡುವೆ ಒಂದು ಸುದ್ದಿ ನಿಜಕ್ಕೂ ಸುದ್ದಿಯಾದದ್ದು ಅಲ್ಲಿ.

ಕರ್ನಾಟಕಕ್ಕೆ ಇಂಥ ಆಘಾತ ತಟ್ಟಿದ್ದು 2021ರಲ್ಲಿ. ‘ನಾನು ಅವನಲ್ಲ... ಅವಳು’ ಚಿತ್ರಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆದಿದ್ದ ನಟ ಸಂಚಾರಿ ವಿಜಯ್, ಜೂನ್ 12ರ ರಾತ್ರಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ಗೆಳೆಯರ ಬೈಕಿನ ಹಿಂದೆ ಕೂತು ಹೋಗುತ್ತಿದ್ದಾಗ ಬೈಕು ಜಾರಿತು. ಹೆಲ್ಮೆಟ್ ಇರಲಿಲ್ಲ ಎಂದು ವರದಿಗಳು ಹೇಳಿದವು. ಇವರದು ನಗುನಗುತ್ತಾ ಎದ್ದುಬಂದ ಪ್ರಕರಣವಲ್ಲ. ಪೆಟ್ಟು ಆಗಲೇ ಭಾರಿ, ಶಸ್ತ್ರಚಿಕಿತ್ಸೆ ಮಾಡಿದರೂ ಮೆದುಳು ಸ್ಪಂದಿಸಲಿಲ್ಲ. ಜೂನ್ 14ರಂದು ಮನೆಯವರು ಅಂಗಾಂಗ ದಾನಕ್ಕೆ ಮನಸ್ಸು ಮಾಡುತ್ತಿದ್ದಂತೆಯೇ ‘ಇನ್ನಿಲ್ಲ’ ಎಂಬ ಸುದ್ದಿ ರಾಜ್ಯವೆಲ್ಲ ಹಬ್ಬಿತು. ಗಣ್ಯರ ಸಂತಾಪಗಳೂ ಬಂದವು. ಆಮೇಲೆ, ಇಲ್ಲ, ಹೃದಯ ಇನ್ನೂ ಮಿಡಿಯುತ್ತಿದೆ ಎಂದು ಆಸ್ಪತ್ರೆ ಹೇಳಬೇಕಾಯಿತು. ಸಾವು ಅಧಿಕೃತವಾಗಿ ಪ್ರಕಟವಾದದ್ದು 15ರ ಬೆಳಗಿನ ಜಾವ.

14ರ ಮಧ್ಯಾಹ್ನ ಅಭಿಮಾನಿಗಳ ಗೊಂದಲ ಸಣ್ಣದಲ್ಲ. ಬದುಕಿದ್ದವರನ್ನು ಕೊಂದರು ಎಂದು ಮಾಧ್ಯಮದ ಮೇಲೆ ಹರಿಹಾಯ್ದವರಿದ್ದರು. ಹೃದಯ ಬಡಿಯುತ್ತಿದ್ದರೆ ದಾನ ಹೇಗೆ ಎಂದು ಸಂಶಯಪಟ್ಟವರೂ ಇದ್ದರು. ಸಂಶಯಕ್ಕೆ ಉತ್ತರ 1994ರ ಅಂಗಾಂಗ ಕಸಿ ಕಾಯ್ದೆಯಲ್ಲಿದೆ. ಮೆದುಳುಕಾಂಡ ಶಾಶ್ವತವಾಗಿ ನಿಂತಿದೆಯೇ ಎಂದು ನಾಲ್ವರು ವೈದ್ಯರ ಮಂಡಳಿ ಪರೀಕ್ಷಿಸಬೇಕು. ಕನಿಷ್ಠ 6 ಗಂಟೆ ಬಿಟ್ಟು ಅದೇ ಪರೀಕ್ಷೆಗಳನ್ನು ಮತ್ತೆ ಮಾಡಬೇಕು. ವೆಂಟಿಲೇಟರ್ ಗಾಳಿ ತಳ್ಳುವಷ್ಟು ಹೊತ್ತು ಹೃದಯ ತನ್ನಷ್ಟಕ್ಕೆ ಮಿಡಿಯುತ್ತಿರಬಹುದು, ಆದರೆ ರೋಗಿ ಮತ್ತೆಂದೂ ತಾವಾಗಿ ಉಸಿರೆಳೆಯುವುದಿಲ್ಲ. ಕೋಮಾ ಬೇರೆ, ಈ ಮೆದುಳಿನ ಸಾವು ಬೇರೆ. ಕೋಮಾದಿಂದ ಎದ್ದವರುಂಟು, ಇದರಿಂದ ಯಾರೂ ಇಲ್ಲ. ‘ಬ್ರೇಕಿಂಗ್’ ಪಟ್ಟಿಗೆ ಎರಡು ಪರೀಕ್ಷೆಗಳ ನಡುವಿನ 6 ಗಂಟೆ ಕಾಯುವ ತಾಳ್ಮೆ ಇಲ್ಲ. ಕಾದಿದ್ದರೆ ಆ ಹೊತ್ತನ್ನು ಇದನ್ನೇ ವಿವರಿಸಲು ಬಳಸಬಹುದಿತ್ತು. ರಾಜ್ಯದಲ್ಲಿ ದಾನದ ಹೊಂದಾಣಿಕೆ ನೋಡಿಕೊಳ್ಳುವ ‘ಜೀವಸಾರ್ಥಕತೆ’ ಸಂಸ್ಥೆಯ ಹೆಸರು ಆ ವಾರ ಹಲವರ ಕಿವಿಗೆ ಬಿತ್ತು ಎನ್ನುವುದು ಲಾಭ.

ಇನ್ನು ಹೆಲ್ಮೆಟ್. ಕರ್ನಾಟಕದಲ್ಲಿ ಹಿಂದೆ ಕೂತವರಿಗೂ ಅದು ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ಸಾವಿನ ಸುದ್ದಿ ಬಂದ ವಾರ ಎಲ್ಲರ ಬಾಯಲ್ಲೂ ಹೆಲ್ಮೆಟ್. ಮುಂದಿನ ವಾರ ಅದು ಮತ್ತೆ ಬೈಕಿನ ಕನ್ನಡಿಗೆ. ‘ಹಣೆಬರಹ’ ಎಂಬ ಮಾತಿಗೂ ನಮ್ಮಲ್ಲಿ ಬರವಿಲ್ಲ. ಹಣೆ ಮುಚ್ಚುವ ವಸ್ತು ಅಂಗಡಿಯಲ್ಲಿ ಸಿಗುತ್ತಿರುವಾಗ ಈ ಮಾತು ನನಗೆ ಸೋಮಾರಿತನದಂತೆ ಕೇಳುತ್ತದೆ.

ಶ್ರೀನಿವಾಸಪುರದಿಂದ ಜಿಲ್ಲಾ ಕೇಂದ್ರ ಕೋಲಾರಕ್ಕೆ 25 ಕಿಲೋಮೀಟರ್ ಆಸುಪಾಸು. ಮೆದುಳಿನ ಶಸ್ತ್ರಚಿಕಿತ್ಸೆಗೆ ಅನೇಕರು ಹೋಗುವ ನಿಮ್ಹಾನ್ಸ್ ಬೆಂಗಳೂರಿನಲ್ಲಿದೆ. ಆದ್ದರಿಂದ ‘ನೋಡೋಣ, ಬೆಳಿಗ್ಗೆ ಹೋದರಾಯಿತು’ ಎನ್ನುವಷ್ಟು ಪುರುಸೊತ್ತು ಈ ಊರಿಗಿಲ್ಲ. ಏರುತ್ತಲೇ ಹೋಗುವ ತಲೆನೋವು, ಮತ್ತೆ ಮತ್ತೆ ವಾಂತಿ, ತೊದಲು, ಮಂಪರು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುವುದು, ಒಂದು ಬದಿಯ ಕೈಕಾಲು ಸೋಲುವುದು, ಫಿಟ್ಸ್ ಇವುಗಳಲ್ಲಿ ಯಾವುದೇ ಒಂದು ಕಂಡರೂ 108ಕ್ಕೆ ಕರೆ ಮಾಡಬೇಕು. ಬಿದ್ದಾಗ ಕ್ಷಣಕಾಲ ಪ್ರಜ್ಞೆ ತಪ್ಪಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಾಗಿದ್ದರೆ, ವಯಸ್ಸಾದವರಾಗಿದ್ದರೆ ಈ ಲಕ್ಷಣಗಳಿಗೂ ಕಾಯಬಾರದು. ಸೋಡಾ, ಕಾಫಿ ಬೇಡ. ಮಂಪರಿನಲ್ಲಿ ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು, ಅರಿವಳಿಕೆ ಕೊಡುವವರಿಗೂ ತೊಡಕು. ದಾರಿಯಲ್ಲಿ ಬಿದ್ದ ಅಪರಿಚಿತರನ್ನು ಆಸ್ಪತ್ರೆಗೆ ಸೇರಿಸಿದರೆ ಪೊಲೀಸು, ಕೋರ್ಟು ಎಂದು ಅಂಜಬೇಕಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಅಂಥವರಿಗೆ ರಕ್ಷಣೆ ಕೊಟ್ಟಿದೆ. ಸೇರಿಸುವಾಗ ವೈದ್ಯರಿಗೆ ಹೇಳಲೇಬೇಕಾದ ಸಂಗತಿಗಳು ಎರಡು: ಎಷ್ಟು ಹೊತ್ತಿಗೆ ಬಿದ್ದರು, ಬಿದ್ದ ಮೇಲೆ ಎಷ್ಟು ಹೊತ್ತು ಸರಿಯಾಗಿ ಮಾತಾಡುತ್ತಿದ್ದರು.