ಥೈರಾಯ್ಡ್ ಏರುಪೇರು ಮತ್ತು ಹೆಂಗಸರ ಮೂಳೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಬಿದ್ದ ಕಾಯಿ ಆಯುವುದು, ಗರಿ ಎಳೆದು ಒಟ್ಟುವುದು, ದನಗಳಿಗೆ ಹುಲ್ಲಿನ ಹೊರೆ ತರುವುದು ಮೊದಲಾದ ಕೆಲಸಗಳಲ್ಲಿ ಹೆಂಗಸರ ಪಾಲು ದೊಡ್ಡದಾಗಿರುವುದರಿಂದ, ನಡುವಯಸ್ಸು ದಾಟಿದವರ ಸೊಂಟನೋವನ್ನೂ ಬಾಗಿದ ಬೆನ್ನನ್ನೂ ದುಡಿಮೆಯ ಲೆಕ್ಕಕ್ಕೆ ಬರೆದು ಸುಮ್ಮನಾಗುವುದುಂಟು. ಆ ನೋವಿಗೆ ಕೆಲವೊಮ್ಮೆ ಕುತ್ತಿಗೆಯ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯ ಏರುಪೇರೂ ಕಾರಣವಾಗಿರಬಹುದು. ಈ ಗ್ರಂಥಿಯ ಕಾಯಿಲೆಗಳು ಗಂಡಸರಿಗಿಂತ ಹೆಂಗಸರಲ್ಲಿ ಹಲವು ಪಟ್ಟು ಹೆಚ್ಚು.

ಮೂಳೆ ಜೀವಂತ ಅಂಗ. ಹಳೆಯ ಮೂಳೆಯನ್ನು ಕರಗಿಸುವ ಕಣಗಳು ಮತ್ತು ಆ ಜಾಗದಲ್ಲಿ ಹೊಸದನ್ನು ಕಟ್ಟುವ ಕಣಗಳು ಸರದಿಯಂತೆ ಕೆಲಸ ಮಾಡುತ್ತವೆ. ಆರೋಗ್ಯವಂತರಲ್ಲಿ ಇಂಥ ಒಂದು ಸುತ್ತಿಗೆ ಸುಮಾರು 200 ದಿನ ಹಿಡಿಯುತ್ತದೆ. ಥೈರಾಯ್ಡ್ ಹಾರ್ಮೋನು, ಅಂದರೆ ಗ್ರಂಥಿಯು ರಕ್ತಕ್ಕೆ ಬಿಡುವ ರಸ, ಅತಿಯಾದಾಗ ಈ ಸುತ್ತು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಕಟ್ಟುವ ಕಣಗಳು ಕರಗಿಸುವ ಕಣಗಳ ವೇಗಕ್ಕೆ ಸಮನಾಗಲಾರದೆ ಪ್ರತಿ ಸುತ್ತಿನಲ್ಲೂ ಒಂದಿಷ್ಟು ಮೂಳೆ ನಷ್ಟವಾಗುತ್ತ ಹೋಗುತ್ತದೆ. ಥೈರಾಯ್ಡ್ ಅತಿಸ್ರಾವದಿಂದ ತೀರಿಕೊಂಡ ತರುಣಿಯೊಬ್ಬಳ ಮೂಳೆಗಳು ಹುಳು ತಿಂದಂತೆ ಕಾಣುತ್ತಿದ್ದುವೆಂದು ಜರ್ಮನಿಯ ವೈದ್ಯ ಫಾನ್ ರೆಕ್ಲಿಂಗ್‌ಹೌಸನ್ 1891ರಲ್ಲಿಯೇ ದಾಖಲಿಸಿದ್ದನು.

ಹೆಚ್ಚು ಜನರನ್ನು ಕಾಡುವುದು ಇದಕ್ಕೆ ವಿರುದ್ಧವಾದ ಸ್ಥಿತಿ. ಹಾರ್ಮೋನು ಕಡಿಮೆಯಾದಾಗ ಮೂಳೆಯ ಸುತ್ತು ನಿಧಾನವಾಗುತ್ತದೆ, ಅದಕ್ಕೆ ಥೈರಾಕ್ಸಿನ್ ಮಾತ್ರೆಯೇ ಮದ್ದು; ಸರಿಯಾದ ಪ್ರಮಾಣದಲ್ಲಿ ನುಂಗಿದ ಮಾತ್ರೆ ಮೂಳೆಯನ್ನು ಸವೆಸುವುದಿಲ್ಲ. ಆದರೆ ವರ್ಷಗಟ್ಟಲೆ ರಕ್ತಪರೀಕ್ಷೆಯಿಲ್ಲದೆ ಹಳೆಯ ಚೀಟಿಯ ಮೇಲೆಯೇ ಮಾತ್ರೆ ಕೊಳ್ಳುತ್ತ ಹೋದರೆ ಪ್ರಮಾಣ ಮಿತಿಮೀರಿದ್ದು ತಿಳಿಯದೆ ಉಳಿಯುತ್ತದೆ. ಹಾರ್ಮೋನು ಹೆಚ್ಚಾದಾಗ, ಗ್ರಂಥಿಯನ್ನು ಪ್ರಚೋದಿಸಲು ಮೆದುಳಿನ ಬುಡದಿಂದ ಬರುವ ಟಿ.ಎಸ್.ಎಚ್. ಕುಸಿಯುತ್ತದೆ, ಅದು 0.1ಕ್ಕಿಂತ ಕೆಳಗಿದ್ದ 65 ದಾಟಿದ ಹೆಂಗಸರಲ್ಲಿ ಸೊಂಟದ ಮೂಳೆ ಮುರಿಯುವ ಸಂಭವ ಸುಮಾರು ಮೂರು ಪಟ್ಟು, ಬೆನ್ನುಮೂಳೆಯದು ನಾಲ್ಕು ಪಟ್ಟು ಹೆಚ್ಚೆಂದು 2001ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಕಂಡುಕೊಂಡಿತು. ಮುಟ್ಟು ನಿಂತು, ಮೂಳೆಯನ್ನು ಕಾಯುವ ಈಸ್ಟ್ರೊಜನ್ ಕೂಡ ಇಳಿದಿರುವ ಆ ವಯಸ್ಸಿನಲ್ಲಿ ಹೊಡೆತ ಎರಡು ಕಡೆಯಿಂದ ಬೀಳುತ್ತದೆ. ಇಷ್ಟಕ್ಕೆ ಹೆದರಿ ಮಾತ್ರೆಯನ್ನೇ ಬಿಡುವುದು ಇನ್ನೂ ದೊಡ್ಡ ಅಪಾಯ. ಬೇಕಾದುದು ವರ್ಷಕ್ಕೊಮ್ಮೆಯಾದರೂ ಪರೀಕ್ಷೆ, ಮುಟ್ಟು ನಿಂತವರಿಗೆ ವೈದ್ಯರ ಸಲಹೆಯಂತೆ ಡೆಕ್ಸಾ ಎಂಬ ಮೂಳೆಯ ಸಾಂದ್ರತೆ ಅಳೆಯುವ ಕ್ಷಕಿರಣ ತಪಾಸಣೆ.

ಊಟದ ಮಟ್ಟಿಗೆ ಈ ಸೀಮೆ ಬಡವಲ್ಲ. ಹಿಟ್ಟಿಗೆ ಬಳಸುವ ರಾಗಿಯ 100 ಗ್ರಾಮಿನಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದ್ದು, ವಯಸ್ಕ ಹೆಣ್ಣಿಗೆ ದಿನಕ್ಕೆ ಬೇಕಾದ 1000 ಮಿಲಿಗ್ರಾಮಿನ ಮೂರನೆಯ ಒಂದು ಭಾಗ ಅದರಿಂದಲೇ ದೊರೆಯಬಲ್ಲದು. ತೆಂಗಿನಕಾಯಿಯಲ್ಲಿ ಅದು ಅತ್ಯಲ್ಪ. ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆಯೂ ಇದ್ದವರು ಅದನ್ನು ಥೈರಾಕ್ಸಿನ್ನಿನ ಜೊತೆಗೇ ನುಂಗಿದರೆ ಥೈರಾಕ್ಸಿನ್ ಸರಿಯಾಗಿ ಹೀರಲ್ಪಡದ ಕಾರಣ, ಥೈರಾಕ್ಸಿನ್ ಮಾತ್ರೆಯನ್ನು ಬೆಳಗ್ಗೆ ಬರಿಹೊಟ್ಟೆಯಲ್ಲಿ, ಕಾಫಿಗಿಂತ ಅರ್ಧದಿಂದ ಒಂದು ಗಂಟೆ ಮುಂಚೆ ನೀರಿನೊಂದಿಗೆ ತೆಗೆದುಕೊಂಡು, ಉಳಿದವನ್ನು ನಾಲ್ಕು ಗಂಟೆಯ ಅಂತರದ ಬಳಿಕ ತೆಗೆದುಕೊಳ್ಳಬೇಕು.