ಇಂಗ್ಲಿಷ್ ಭಾಷಾವಿಶ್ಲೇಷಣೆಗೆ ಮುಕ್ತವಾಗಿ ದೊರೆಯುವ ಪಠ್ಯಸಂಚಯಗಳು

ಭಾಷೆಯೊಂದರ ಸ್ವರೂಪವನ್ನು ಕುರಿತು ನಾವು ಆಡುವ ಮಾತುಗಳಲ್ಲಿ ಎರಡು ಬಗೆಯುಂಟು. ಕೆಲವು ನಮ್ಮ ಅಂತರ್ಬೋಧೆಯಿಂದ ಹುಟ್ಟಿದವು. ಮತ್ತೆ ಕೆಲವು ಪ್ರಯೋಗಗಳನ್ನು ಎಣಿಸಿ, ಅಳೆದು ಪಡೆದವು. “ಭಾರತೀಯರ ಇಂಗ್ಲಿಷಿನಲ್ಲಿ ಈ ರೂಪ ಹೆಚ್ಚು, ಇದು ದೋಷ” ಎಂಬ ತೀರ್ಪು ನಮ್ಮ ತರಗತಿಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಅದಕ್ಕೆ ಆಧಾರವೇನೆಂದು ಪ್ರಶ್ನಿಸುವವರು ವಿರಳ. ವಿದ್ಯಾರ್ಥಿಯ ಉತ್ತರಪತ್ರಿಕೆಯಲ್ಲಿ ಕೆಂಪು ಗೆರೆಯನ್ನೆಳೆಯುವ ಮುನ್ನ ಆ ಆಧಾರವನ್ನು ಪರೀಕ್ಷಿಸುವುದು ಅಧ್ಯಾಪಕರ ಕರ್ತವ್ಯವೆಂದೇ ನಾವು ಭಾವಿಸುತ್ತೇವೆ. ಅದಕ್ಕೆ ಬೇಕಾದ ಸಾಮಗ್ರಿ ಇಂದು ಸಣ್ಣ ಊರಿನ ಕಾಲೇಜಿಗೂ ಹಣವಿಲ್ಲದೆ ದೊರೆಯುತ್ತದೆ.

ವಿಶ್ಲೇಷಣೆಗಾಗಿ ಒಂದು ನಿಯಮಕ್ಕನುಸಾರವಾಗಿ ಆರಿಸಿ, ಗಣಕಯಂತ್ರ ಓದುವಂತೆ ಅಣಿಗೊಳಿಸಿದ ಪಠ್ಯಗಳ ಸಮೂಹಕ್ಕೆ ಪಠ್ಯಸಂಚಯವೆಂದು ಹೆಸರು. ಅಮೆರಿಕದ ಬ್ರೌನ್ ವಿಶ್ವವಿದ್ಯಾನಿಲಯದಲ್ಲಿ ನೆಲ್ಸನ್ ಫ್ರಾನ್ಸಿಸ್ ಮತ್ತು ಹೆನ್ರಿ ಕುಚೆರಾ ಅವರು 1964ರಲ್ಲಿ ಸಿದ್ಧಪಡಿಸಿದ ಸಂಚಯವು ಈ ಬಗೆಯವುಗಳಿಗೆಲ್ಲ ಮಾದರಿಯಾಯಿತು. 1961ರಲ್ಲಿ ಅಮೆರಿಕದಲ್ಲಿ ಅಚ್ಚಾದ ಬರಹಗಳಿಂದ ತಲಾ ಸುಮಾರು 2,000 ಪದಗಳ 500 ಭಾಗಗಳನ್ನು ಆಯ್ದು, ವೃತ್ತಪತ್ರಿಕೆ, ಶಾಸ್ತ್ರ, ಧರ್ಮ, ಕಥೆ ಮೊದಲಾದ 15 ವರ್ಗಗಳಲ್ಲಿ ಅವರು ಹಂಚಿದರು. ಒಟ್ಟು ಮೊತ್ತ ಸುಮಾರು 10 ಲಕ್ಷ ಪದಗಳು.

ಈ ಮೊತ್ತದಿಂದ ಏನನ್ನು ಅರಿಯಬಹುದು, ಏನನ್ನು ಅರಿಯಲಾಗದು ಎಂಬುದನ್ನು ಮೊದಲೇ ತಿಳಿದಿರಬೇಕು. ಅದರಲ್ಲಿ ‘ದಿ’ ಎಂಬ ಪದವೊಂದೇ 69,971 ಬಾರಿ ಬರುತ್ತದೆ. ಅಂದರೆ ನೂರಕ್ಕೆ ಸುಮಾರು ಏಳು. ಆದರೆ ಅದರ ಸುಮಾರು 50,000 ಭಿನ್ನ ಪದರೂಪಗಳಲ್ಲಿ ಐದರಲ್ಲಿ ಎರಡು ಪಾಲಿಗೂ ಮಿಗಿಲಾದವು ಒಂದೊಂದು ಸಲ ಮಾತ್ರ ಕಾಣಿಸಿಕೊಳ್ಳುತ್ತವೆ. ಆದಕಾರಣ ಉಪಸರ್ಗ, ಸಹಾಯಕ ಕ್ರಿಯಾಪದ ಮುಂತಾದ ವ್ಯಾಕರಣಾಂಶಗಳ ಅಧ್ಯಯನಕ್ಕೆ ಹತ್ತು ಲಕ್ಷ ಪದಗಳು ಸಾಕಾದರೂ, ವಿರಳ ಪದಗಳ ವಿಚಾರದಲ್ಲಿ ಅವು ಸಾಲವು. ಅಂಥ ಕೆಲಸಕ್ಕೆ 10 ಕೋಟಿ ಪದಗಳ ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ಅನುಕೂಲವಾದದ್ದು; ಅದರಲ್ಲಿ ನೂರಕ್ಕೆ ಹತ್ತು ಪಾಲು ಆಡುಮಾತು.

ಬ್ರೌನ್ ಮಾದರಿಯ ನಿಜವಾದ ಪ್ರಯೋಜನ ಹೋಲಿಕೆಯಲ್ಲಿದೆ. ಲ್ಯಾಂಕಾಸ್ಟರ್, ಆಸ್ಲೊ ಮತ್ತು ಬರ್ಗೆನ್‌ಗಳ ವಿದ್ವಾಂಸರು 1978ರಲ್ಲಿ ಮುಗಿಸಿದ ಸಂಚಯವು ಅದೇ 1961ನೆಯ ವರ್ಷದ ಬ್ರಿಟಿಷ್ ಬರಹಗಳಿಂದ ಕೂಡಿದ್ದು. ಕಾಲ ಒಂದೇ ಆದ್ದರಿಂದ ಇವೆರಡರ ನಡುವಣ ವ್ಯತ್ಯಾಸವನ್ನು ದೇಶಭೇದಕ್ಕೆ ಆರೋಪಿಸಬಹುದು. ನಮ್ಮ ನೆರೆಯ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾನಿಲಯದಲ್ಲಿ ಎಸ್. ವಿ. ಶಾಸ್ತ್ರಿಯವರು ಭಾರತೀಯ ಇಂಗ್ಲಿಷಿನ ಹತ್ತು ಲಕ್ಷ ಪದಗಳನ್ನು ಇದೇ ಮಾದರಿಯಲ್ಲಿ ಸಂಗ್ರಹಿಸಿದರು. ಆದರೆ ಅದರ ಪಠ್ಯಗಳು 1978ರವು. ಬ್ರೌನ್ ಸಂಚಯದೊಡನೆ ಅದನ್ನು ಹೋಲಿಸಿದಾಗ ಕಾಣುವ ಭೇದವು ದೇಶದ್ದೋ, ನಡುವೆ ಕಳೆದ 17 ವರ್ಷಗಳದ್ದೋ ಎಂಬ ಸಂದೇಹ ಉಳಿಯುತ್ತದೆ. ಫ್ರೈಬುರ್ಗ್‌ನಲ್ಲಿ 1991 ಮತ್ತು 1992ರ ಬ್ರಿಟಿಷ್, ಅಮೆರಿಕನ್ ಬರಹಗಳಿಂದ ರಚಿಸಿದ ಜೋಡಿ ಸಂಚಯಗಳನ್ನೂ ಜತೆಗಿಟ್ಟುಕೊಂಡರೆ ಕಾಲದ ಪ್ರಭಾವವನ್ನು ಬೇರ್ಪಡಿಸಿ ನೋಡಲು ಸಾಧ್ಯವಾಗುತ್ತದೆ.

‘ಮುಕ್ತ’ವೆಂಬ ಮಾತಿಗೂ ಮೂರು ಅರ್ಥಗಳಿವೆ. ಕೆಲವು ಸಂಚಯಗಳಲ್ಲಿ ಹುಡುಕಲು ಮಾತ್ರ ಹಣ ಬೇಡ, ಪೂರ್ಣಪಠ್ಯಕ್ಕೆ ಬೆಲೆಯುಂಟು. ನೂರು ಕೋಟಿ ಪದಗಳಿಗೂ ಮಿಗಿಲಾದ, ಮಾರ್ಕ್ ಡೇವಿಸ್ ಅವರ ಸಮಕಾಲೀನ ಅಮೆರಿಕನ್ ಇಂಗ್ಲಿಷ್ ಸಂಚಯ ಈ ವರ್ಗದ್ದು. ಎರಡನೆಯವನ್ನು ನಿಬಂಧನೆಗಳಿಗೆ ಒಪ್ಪಿ ಇಡಿಯಾಗಿ ಪಡೆಯಬಹುದು. ಆಕ್ಸ್‌ಫರ್ಡ್ ಟೆಕ್ಸ್ಟ್ ಆರ್ಕೈವ್ ಒದಗಿಸುವ ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ಇದಕ್ಕೆ ಉದಾಹರಣೆ. ಮೂರನೆಯವು ಗ್ರಂಥಸ್ವಾಮ್ಯ ಮುಗಿದ ಕೃತಿಗಳು. 1971ರಲ್ಲಿ ಮೈಕೆಲ್ ಹಾರ್ಟ್ ಆರಂಭಿಸಿದ ಪ್ರಾಜೆಕ್ಟ್ ಗುಟೆನ್‌ಬರ್ಗ್ ಇವುಗಳ ದೊಡ್ಡ ಭಂಡಾರ. ಎಲ್ಲಿಂದ ಪಡೆದರೂ ನಿಬಂಧನೆಗಳನ್ನು ಮೊದಲು ಓದತಕ್ಕದ್ದು.

ಗುಟೆನ್‌ಬರ್ಗ್ ಭಂಡಾರವು ಗ್ರಂಥಾಲಯವೇ ಹೊರತು ಸಮತೋಲವುಳ್ಳ ಸಂಚಯವಲ್ಲ. ಅದರ ಕೃತಿಗಳು ಬಹುಮಟ್ಟಿಗೆ ಹಳೆಯವು. ಡಿಕನ್ಸ್‌ನ ಗದ್ಯವನ್ನು ಎಣಿಸಿ ಇಂದಿನ ಇಂಗ್ಲಿಷಿನ ಬಗ್ಗೆ ತೀರ್ಮಾನಿಸುವುದು ಸಲ್ಲದು. ಪ್ರತಿಯೊಂದು ಕಡತದ ಮೊದಲಲ್ಲೂ ಕೊನೆಯಲ್ಲೂ ಇರುವ ಪರವಾನಗಿಯ ಒಕ್ಕಣೆಯನ್ನು ತೆಗೆದುಹಾಕದಿದ್ದರೆ ಅಲ್ಲಿನ ಪದಗಳೂ ಲೇಖಕನ ಲೆಕ್ಕಕ್ಕೆ ಸೇರಿಬಿಡುತ್ತವೆ.

ಇನ್ನು ವಿಧಾನ. ಮೊದಲು ಪ್ರಶ್ನೆಯನ್ನು ನಿಶ್ಚಯಿಸಿ, ಅದಕ್ಕೆ ತಕ್ಕ ಸಂಚಯವನ್ನು ಆಮೇಲೆ ಆರಿಸಬೇಕು. ಲಾರೆನ್ಸ್ ಆಂಥನಿಯವರ ಆಂಟ್‌ಕಾಂಕ್ ಎಂಬ ಉಚಿತ ತಂತ್ರಾಂಶವು ಪದವೊಂದರ ಎಲ್ಲ ಪ್ರಯೋಗಗಳನ್ನೂ ಸಂದರ್ಭಸಹಿತ ಸಾಲುಸಾಲಾಗಿ ತೋರಿಸುತ್ತದೆ. ಭಿನ್ನ ಗಾತ್ರದ ಸಂಚಯಗಳ ಎಣಿಕೆಗಳನ್ನು ಹತ್ತು ಲಕ್ಷ ಪದಗಳಿಗೆ ಇಷ್ಟೆಂದು ಪರಿವರ್ತಿಸಿಯೇ ಹೋಲಿಸಬೇಕು: 10 ಕೋಟಿಯಲ್ಲಿ 500 ಬಾರಿ ಬಂದ ಪದಕ್ಕಿಂತ 10 ಲಕ್ಷದಲ್ಲಿ 12 ಬಾರಿ ಬಂದ ಪದವೇ ಹೆಚ್ಚು ಬಳಕೆಯದು. ಎಣಿಕೆಯ ಬಳಿಕ ಸಾಲುಗಳನ್ನು ಕಣ್ಣಾರೆ ಓದುವುದೂ ಅವಶ್ಯ. ರೂಪ ಒಂದೇ ಆದ ಪದಗಳ ಅರ್ಥಭೇದವನ್ನು ಬರಿಯ ಎಣಿಕೆ ಅರಿಯದು.

ಸಂಚಯದಲ್ಲಿ ಕಾಣದ ಪ್ರಯೋಗವೆಲ್ಲ ಅಶುದ್ಧವೆಂದಾಗಲಿ, ಕಂಡದ್ದೆಲ್ಲ ಶಿಷ್ಟವೆಂದಾಗಲಿ ಹೇಳಲು ಬರುವುದಿಲ್ಲ. ಆದರೂ ಒಂದೆರಡು ವಾರಗಳ ಶ್ರಮದಿಂದ ಪದವಿ ತರಗತಿಯ ವಿದ್ಯಾರ್ಥಿಯೂ ವ್ಯಾಕರಣಗ್ರಂಥದ ಹೇಳಿಕೆಯೊಂದನ್ನು ತಾನೇ ಒರೆಗೆ ಹಚ್ಚಬಲ್ಲನು. ಪ್ರಮಾಣವನ್ನು ಕೇಳುವ ಈ ಅಭ್ಯಾಸವು ನಮ್ಮ ಕಾಲೇಜುಗಳಲ್ಲಿ ಬೇರೂರಲೆಂದು ಹಾರೈಸುತ್ತೇವೆ.