ಖಾಕಿಗೊಂದು ಸಂಘ: ಘಟ್ಟದ ಮೇಲುಂಟು, ಕೆಳಗಿಲ್ಲ

ತಮಿಳುನಾಡಿನ ನಿಲಕ್ಕೋಟ್ಟೈ ದಾಟಿ, ತೇನಿ, ಕಂಬಂ ಹಾದು ಘಟ್ಟ ಹತ್ತಿದರೆ ಕುಮಳಿ, ಅಲ್ಲಿಂದ ಕೇರಳ ಶುರು. ಕಂಬಂ ಕಣಿವೆಗೆ ನೀರುಣಿಸುವ ಮುಲ್ಲಪೆರಿಯಾರ್ ಅಣೆಕಟ್ಟೆ ನಿಂತಿರುವುದು ಕೇರಳದ ನೆಲದಲ್ಲಿ. 1886ರಲ್ಲಿ ಬರೆದ 999 ವರ್ಷಗಳ ಗುತ್ತಿಗೆಯಂತೆ ಅದನ್ನು ನಡೆಸುವುದು ತಮಿಳುನಾಡು, ಕಾಯುವುದು ಕೇರಳ ಪೊಲೀಸರು. ನೀರಿನ ಜಗಳ ಎಲ್ಲರಿಗೂ ಗೊತ್ತು. ಆದರೆ ಕಟ್ಟೆ ಕಾಯುವ ಆ ಪೇದೆಗೆ ಸಂಘವಿದೆ, ಸಂಘಕ್ಕೆ ಚುನಾವಣೆಯೂ ನಡೆಯುತ್ತದೆ ಎಂಬುದು ಎಷ್ಟು ಜನಕ್ಕೆ ಗೊತ್ತು? ಘಟ್ಟದ ಕೆಳಗಿನ ಕಂಬಂ ಪೇದೆಗೆ ಆ ಭಾಗ್ಯವಿಲ್ಲ. ನಮ್ಮ ಕರ್ನಾಟಕದವರಿಗೂ ಇಲ್ಲ.

ಸಂವಿಧಾನದ 33ನೇ ವಿಧಿ ಪೊಲೀಸರ ಮೂಲಭೂತ ಹಕ್ಕುಗಳಿಗೆ ಕತ್ತರಿ ಹಾಕುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. ಅದರ ಬಲದಿಂದ ಬಂದದ್ದು 1966ರ ಕಾಯ್ದೆ. ಅನುಮತಿಯಿಲ್ಲದೆ ಕಾರ್ಮಿಕ ಸಂಘ ಸೇರಿದರೆ ಎರಡು ವರ್ಷದವರೆಗೆ ಜೈಲು. ದೆಹಲಿಯ ಪೊಲೀಸ್ ಸಂಘಕ್ಕೆ ಸಿಕ್ಕಿದ್ದ ಮಾನ್ಯತೆ 1967ರಲ್ಲೇ ರದ್ದಾಯಿತು. 1986ರಲ್ಲಿ ಸುಪ್ರೀಂ ಕೋರ್ಟ್ ಕೂಡ ಸರ್ಕಾರದ ಪರ ನಿಂತಿತು. ಈ ನಡುವೆ 1979ರಲ್ಲಿ ಪಂಜಾಬಿನಿಂದ ಹೊರಟ ಪೊಲೀಸ್ ಅಸಮಾಧಾನ ಹಲವು ರಾಜ್ಯಗಳಿಗೆ ಹಬ್ಬಿತು. ಅದೇ ವರ್ಷ ಕೇರಳದಲ್ಲಿ ಪೊಲೀಸ್ ಸಂಘ ಹುಟ್ಟಿತು, ಉಳಿಯಿತು.

ಕರ್ನಾಟಕದ ಕಥೆ ನೆನಪಿರಬೇಕು. ವಾರದ ರಜೆ, ನೆರೆ ರಾಜ್ಯಗಳಷ್ಟು ಸಂಬಳ, ಸಾಹೇಬರ ಮನೆಯ ಆರ್ಡರ್ಲಿ ಚಾಕರಿಯಿಂದ ಬಿಡುಗಡೆ: ಇಷ್ಟು ಕೇಳಿ 2016ರ ಜೂನ್ 4ರ ಸಾಮೂಹಿಕ ರಜೆಗೆ ಪೊಲೀಸರಿಗೆ ಕರೆ ಕೊಡಲಾಯಿತು. ಕರೆ ಕೊಟ್ಟ, ಮಾನ್ಯತೆಯಿಲ್ಲದ ಪೊಲೀಸ್ ಮಹಾಸಂಘದ ಅಧ್ಯಕ್ಷರ ಮೇಲೆ ರಾಜದ್ರೋಹದ ಕೇಸು ಬಿತ್ತು, ಬಂಧನವಾಯಿತು. ರಜೆ ಕೇಳಿದ್ದು ರಾಜದ್ರೋಹವೇ? ಮುಷ್ಕರವೇನೋ ಠುಸ್ಸಾಯಿತು. ಆದರೆ ಆಮೇಲೆ ಸಂಬಳ ಪರಿಶೀಲಿಸಲು ಹಿರಿಯ ಪೊಲೀಸ್ ಅಧಿಕಾರಿ ರಾಘವೇಂದ್ರ ಔರಾದ್ಕರ್ ಸಮಿತಿ ಕೂತಿತು, 2019ರಲ್ಲಿ ಸಂಬಳ ಏರಿತು. ಅಂದರೆ ಬೇಡಿಕೆ ಸುಳ್ಳಾಗಿರಲಿಲ್ಲ. ಕೇಳಲು ಬಾಗಿಲೇ ಇರಲಿಲ್ಲ.

ಪೊಲೀಸ್ ಸಂಘದ ವಿಷಯದಲ್ಲಿ ಅಮೆರಿಕದ ಜಗಳದ ವರಸೆಯೇ ಬೇರೆ. ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿ ಸೇರಿ 1921ರಲ್ಲಿ ಕಟ್ಟಿದ ಬಂದರು ಪ್ರಾಧಿಕಾರಕ್ಕೆ ತನ್ನದೇ ಪೊಲೀಸರಿದ್ದಾರೆ, ಅವರ ಯೂನಿಯನ್ ಸಂಬಳದ ಚೌಕಾಸಿಗೆ ಕೂರುತ್ತದೆ. ಇಂಥ ಎರಡು ರಾಜ್ಯಗಳ ಸಂಸ್ಥೆಗಳಿಗೆ ಯಾವ ರಾಜ್ಯದ ಕಾರ್ಮಿಕ ಕಾನೂನು ಅನ್ವಯಿಸಬೇಕು ಎಂಬ ತಕರಾರು ಅಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದ್ದುಂಟು.

ನಮ್ಮಲ್ಲಿ ಪ್ರಶ್ನೆ ಅಷ್ಟು ಜಟಿಲವಲ್ಲ. ಮುಷ್ಕರದ ಹಕ್ಕು ಬೇಡ, ಅದು ಕೇರಳದಲ್ಲೂ ಇಲ್ಲ. ಮಾತಾಡಲು ಒಂದು ಸಂಘ ಸಾಕು. 1966ರ ಕಾಯ್ದೆಯನ್ನು ತಿದ್ದಬೇಕಾಗಿಯೂ ಇಲ್ಲ. ಅನುಮತಿಯ ದಾರಿ ಅದರಲ್ಲೇ ಇದೆ. ವಿಧಾನಸೌಧ ಮನಸ್ಸು ಮಾಡಬೇಕು.